ಬಸ್ಸಿನ ಸುತ್ತಲ ಹತ್ತು ಅಡಿ: ಮಕ್ಕಳನ್ನು ಶಾಲೆಗೆ ಕಳಿಸುವ ಪೋಷಕರಿಗೆ ಕಿವಿಮಾತು

ತೆಲಂಗಾಣದಲ್ಲಿ ಜೂನ್ ಎರಡನೇ ವಾರಕ್ಕೆ ಶಾಲೆ ಬಾಗಿಲು ತೆರೆಯುತ್ತದೆ. ಅಲ್ಲಿಂದ ಮುಂದೆ ಹೈದರಾಬಾದಿನ ಮಲ್ಕಾಜ್‌ಗಿರಿಯ ಬೆಳಗಿನ ಒಂದೂವರೆ ಗಂಟೆ ಮಕ್ಕಳದ್ದೇ. ಆನಂದಬಾಗ್, ಮಿರ್ಜಾಲಗೂಡ, ವಿನಾಯಕನಗರ, ಸಫಿಲ್‌ಗೂಡ, ನೇರೇಡ್‌ಮೆಟ್ ಎಲ್ಲ ಕಡೆಯೂ ಕಿರಿದಾದ ಗಲ್ಲಿಗಳಿಂದ ಹಳದಿ ಬಸ್ಸುಗಳು ಹೊರಳಿಕೊಂಡು ಬರುತ್ತವೆ. ಅದೇ ಹೊತ್ತಿಗೆ ನೀರಿನ ಟ್ಯಾಂಕರು, ಹಾಲಿನ ಗಾಡಿ, ಕಚೇರಿಗೆ ಹೊರಟವರ ಬೈಕು, ಸಿಟಿ ಬಸ್ಸು, ಷೇರ್ ಆಟೋ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲಿ ಮನೆ ಮಾಡಿದ ಕನ್ನಡದ ಕುಟುಂಬಗಳಿಗೂ ಈ ಬೆಳಗಿನ ಧಾವಂತ ತಪ್ಪಿದ್ದಲ್ಲ. ಊರಲ್ಲಾದರೆ ಅಜ್ಜನೋ ಚಿಕ್ಕಪ್ಪನೋ ಕೈಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದರು. ಇಲ್ಲಿ ಆ ಕೆಲಸವನ್ನು ಬಸ್ಸಿನ ಚಾಲಕನಿಗೂ ಆಯಮ್ಮನಿಗೂ ಒಪ್ಪಿಸಿದ್ದೇವೆ.

ಶಾಲಾ ಬಸ್ಸಿನ ಅಪಘಾತದ ಸುದ್ದಿ ಟಿವಿಯಲ್ಲಿ ಬಂದ ದಿನ ತಾಯಿ ತಂದೆಗೆ ನಿದ್ದೆ ಹತ್ತುವುದಿಲ್ಲ. ಮರುದಿನ ಮಗುವನ್ನು ಬಸ್ಸಿಗೆ ಹತ್ತಿಸುವಾಗ ಕೈ ನಡುಗುತ್ತದೆ. ಈ ಹೆದರಿಕೆ ಸಹಜ. ಆದರೆ ಬರೀ ಹೆದರಿಕೆಯಿಂದ ಮಗುವಿಗೆ ಪ್ರಯೋಜನವಿಲ್ಲ. ಅಪಾಯ ಎಲ್ಲಿದೆ, ಯಾವ ಕ್ಷಣದಲ್ಲಿದೆ, ಅದರಲ್ಲಿ ನಮ್ಮ ಕೈಯಲ್ಲಿರುವುದೆಷ್ಟು ಎಂದು ತಿಳಿದುಕೊಂಡರೆ ಪ್ರಯೋಜನವಿದೆ. ರಸ್ತೆ ಸುರಕ್ಷತೆಯ ಕೆಲಸದಲ್ಲಿರುವವರಿಗೆ ಗೊತ್ತಿರುವ, ಪೋಷಕರಿಗೆ ಅಷ್ಟಾಗಿ ತಲುಪದ ಸಂಗತಿ ಒಂದಿದೆ: ಸುಸ್ಥಿತಿಯಲ್ಲಿರುವ ಬಸ್ಸಿನ ಸೀಟಿನಲ್ಲಿ ಕೂತ ಮಗು ಹೆಚ್ಚುಕಡಿಮೆ ಕ್ಷೇಮವಾಗಿರುತ್ತದೆ. ಹತ್ತುವ ಮುಂಚಿನ ಒಂದು ನಿಮಿಷ, ಇಳಿದ ನಂತರದ ಒಂದು ನಿಮಿಷ, ಇವೆರಡೇ ಹೆಚ್ಚು ಕಠಿಣ. ಆ ಎರಡು ನಿಮಿಷಗಳಲ್ಲಿ ಪೋಷಕರು ಮಾಡಬಹುದಾದದ್ದು ಬಹಳಷ್ಟಿದೆ.

ಚಾಲಕನಿಗೆ ಕಾಣದ ಜಾಗ

ಬಸ್ಸಿನ ನಾಲ್ಕೂ ಸುತ್ತ ಹತ್ತು ಅಡಿ ಜಾಗವನ್ನು ಅಪಾಯದ ವಲಯವೆಂದೇ ಪರಿಗಣಿಸಬೇಕು. ಚಾಲಕ ಎತ್ತರದಲ್ಲಿ ಕೂತಿರುತ್ತಾನೆ. ಬಂಪರಿಗೆ ಅಂಟಿಕೊಂಡಂತೆ ದೊಡ್ಡವರು ನಿಂತರೆ ತಲೆಯಾದರೂ ಕಾಣುತ್ತದೆ. ಮೂರು ಅಡಿ ಎತ್ತರದ ಎಲ್‌ಕೆಜಿ ಮಗು ನಿಂತರೆ ಏನೂ ಕಾಣುವುದಿಲ್ಲ. ಎಡಗಡೆಯ ಕನ್ನಡಿ ಬಾಗಿಲನ್ನು ತೋರಿಸುತ್ತದೆ, ಹಿಂಬದಿ ಚಕ್ರದ ಪಕ್ಕ ಬಗ್ಗಿದ ಮಗುವನ್ನು ತೋರಿಸುವುದಿಲ್ಲ. ಹಿಂದುಗಡೆಯಂತೂ ಕ್ಯಾಮೆರಾ ಇಲ್ಲದಿದ್ದರೆ ಪೂರ್ತಿ ಕತ್ತಲೆ.

ಒಮ್ಮೆ ಶಾಲೆಯವರ ಒಪ್ಪಿಗೆ ಪಡೆದು, ನಿಂತ ಬಸ್ಸಿನ ಚಾಲಕನ ಸೀಟಿನಲ್ಲಿ ನೀವೇ ಕೂತು ನೋಡಿ. ಬಂಪರಿನ ಮುಂದೆ ನೆಲದ ಮೇಲೆ ಒಂದು ಸ್ಕೂಲ್ ಬ್ಯಾಗ್ ಇಡಿಸಿ. ಅದನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸುತ್ತಾ ಹೋಗಲಿ. ಬ್ಯಾಗು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಸ್ಸಿನಿಂದ ಎಷ್ಟು ದೂರ ಹೋಗಿದೆ ಎಂದು ಇಳಿದು ನೋಡಿ. ಆ ದೂರವನ್ನು ಕಣ್ಣಾರೆ ಕಂಡ ಪೋಷಕರಿಗೆ ಮತ್ತೆ ಯಾರೂ ಉಪದೇಶ ಹೇಳಬೇಕಾಗಿಲ್ಲ.

ಈ ಹತ್ತು ಅಡಿಯೊಳಗೆ ನಡೆಯುವ ದುರಂತಗಳು ಹೆಚ್ಚಾಗಿ ನಾಲ್ಕು ಬಗೆಯವು. ಮೊದಲನೆಯದು, ಇಳಿದ ಮಗು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಲು ಹೊರಡುವುದು. ಚಾಲಕ ಎಲ್ಲರೂ ಇಳಿದರೆಂದುಕೊಂಡು ಬಸ್ಸನ್ನು ಮುಂದಕ್ಕೆ ಬಿಡುತ್ತಾನೆ. ಎರಡನೆಯದು, ಕೈಜಾರಿ ಬಿದ್ದ ನೀರಿನ ಬಾಟಲಿಯನ್ನೋ ಪೆನ್ಸಿಲ್ ಬಾಕ್ಸನ್ನೋ ತೆಗೆದುಕೊಳ್ಳಲು ಮಗು ಚಕ್ರದ ಬಳಿ ಬಗ್ಗುವುದು. ಮೂರನೆಯದು, ಬಸ್ಸು ರಿವರ್ಸ್ ತೆಗೆಯುವುದು. ಮಲ್ಕಾಜ್‌ಗಿರಿಯ ಹಳೆಯ ಕಾಲೊನಿಗಳಲ್ಲಿ ಮುಂದೆ ದಾರಿಯಿಲ್ಲದ ಗಲ್ಲಿಗಳು ಬಹಳ. ಬಸ್ಸು ಒಳಗೆ ಬಂದರೆ ಹಿಂದಕ್ಕೆ ಹೋಗದೆ ವಿಧಿಯಿಲ್ಲ. ನಾಲ್ಕನೆಯದು ತೀರಾ ಸಂಕಟದ್ದು. ಅಕ್ಕನನ್ನೋ ಅಣ್ಣನನ್ನೋ ಹತ್ತಿಸಲು ಅಮ್ಮನ ಜೊತೆ, ಅಜ್ಜಿಯ ಜೊತೆ ಬಂದ ಪುಟ್ಟ ಕೂಸು ಹಿರಿಯರ ಕೈ ತಪ್ಪಿಸಿಕೊಂಡು ಬಸ್ಸಿನ ಕಡೆಗೆ ಓಡುವುದು. ಹತ್ತುವ ಮಗುವಿನ ಮೇಲೆ ಎಲ್ಲರ ಕಣ್ಣೂ ಇರುವಾಗ ಹತ್ತದ ಮಗುವನ್ನು ಯಾರೂ ಗಮನಿಸಿರುವುದಿಲ್ಲ.

ಇವಕ್ಕೆ ಪರಿಹಾರ ಸರಳ. ಬಿಡಲು ಹೋಗುವಾಗ ಚಿಕ್ಕ ಮಗುವನ್ನು ಎತ್ತಿಕೊಳ್ಳಿ, ಇಲ್ಲವೆ ಮಣಿಕಟ್ಟು ಹಿಡಿದುಕೊಳ್ಳಿ. ಬೆರಳು ಹಿಡಿದರೆ ಜಾರಿ ಹೋಗುತ್ತದೆ. ಬಸ್ಸು ನಿಂತು, ಬಾಗಿಲು ತೆರೆದು, ಆಯಮ್ಮ ಕೆಳಗಿಳಿದ ಮೇಲೆಯೇ ಮಗು ಮುಂದೆ ಹೋಗಲಿ. ಏನಾದರೂ ಕೆಳಗೆ ಬಿದ್ದರೆ ಬಗ್ಗದೆ ಆಯಮ್ಮನಿಗೆ ಹೇಳಬೇಕೆಂದು ಅಭ್ಯಾಸ ಮಾಡಿಸಿ. ‘ಬಾಟಲಿ ಹೋದರೆ ಹೋಗಲಿ ಪುಟ್ಟಾ, ಬೇರೆ ತರೋಣ’ ಎಂದು ಬಾಯಿ ಬಿಟ್ಟು ಹೇಳಿ. ಬಾಟಲಿ ಕಳೆದರೆ ಅಮ್ಮ ಬೈಯುತ್ತಾಳೆ ಎಂಬ ಭಯವೇ ಎಷ್ಟೋ ಮಕ್ಕಳನ್ನು ಬಗ್ಗಿಸುತ್ತದೆ. ಇಳಿದ ಮಗು ಬಸ್ಸು ಹೊರಟು ಹೋಗುವ ತನಕ ನಿಮ್ಮ ಪಕ್ಕದಲ್ಲಿ, ರಸ್ತೆಯ ಅಂಚಿನಲ್ಲಿ, ಅಲುಗಾಡದೆ ನಿಂತಿರಲಿ. ಬ್ಯಾಗಿನ ನೇತಾಡುವ ಪಟ್ಟಿ, ಐಡಿ ಕಾರ್ಡಿನ ದಾರ, ದುಪಟ್ಟಾ ಇವು ಬಾಗಿಲಿಗೆ ಸಿಕ್ಕಿಹಾಕಿಕೊಳ್ಳದಂತೆ ಬೆಳಗ್ಗೆ ಮನೆಯಲ್ಲೇ ಬಿಗಿದು ಕಳಿಸಿ.

ನೀವು ನಿಲ್ಲುವ ಬದಿ ಯಾವುದು?

ಸಂಜೆ ಬಸ್ಸು ಬರುವ ಹೊತ್ತಿಗೆ ಅನೇಕರು ಮನೆಯ ಕಡೆಯ ಬದಿಯಲ್ಲೇ ನಿಂತಿರುತ್ತಾರೆ. ಬಸ್ಸು ಎದುರು ಬದಿಯಲ್ಲಿ ನಿಲ್ಲುತ್ತದೆ. ಮಗು ಇಳಿಯುತ್ತದೆ, ಈ ಕಡೆ ಅಮ್ಮನ ಮುಖ ಕಾಣುತ್ತದೆ, ಅಮ್ಮ ಕೈ ಬೀಸುತ್ತಾಳೆ. ಮಗು ಓಡುತ್ತದೆ. ಅದಕ್ಕೆ ಆ ಕ್ಷಣದಲ್ಲಿ ರಸ್ತೆಯೇ ಕಾಣುವುದಿಲ್ಲ, ಅಮ್ಮ ಮಾತ್ರ ಕಾಣುತ್ತಾಳೆ. ಈ ಲೇಖನದಿಂದ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬಸ್ಸಿನ ಬಾಗಿಲು ಯಾವ ಬದಿಗೆ ತೆರೆಯುತ್ತದೋ ಆ ಬದಿಗೆ ಮುಂಚೆಯೇ ಹೋಗಿ ನಿಂತಿರಿ. ರಸ್ತೆಯ ಆಚೆಯಿಂದ ಮಗುವನ್ನು ಯಾವತ್ತೂ ಕರೆಯಬೇಡಿ. ತಡವಾದರೆ ಆಯಮ್ಮನಿಗೆ ಫೋನ್ ಮಾಡಿ, ನೀವು ಬರುವವರೆಗೆ ಮಗುವನ್ನು ಬಸ್ಸಿನೊಳಗೇ ಕೂರಿಸಿಕೊಳ್ಳುವಂತೆ ಕೇಳಿ.

ಮಕ್ಕಳು ಬುದ್ಧಿ ಇಲ್ಲದೆ ಓಡುವುದಿಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಸ್ಟೀನಾ ಸ್ಯಾಂಡೆಲ್ಸ್ 1960ರ ದಶಕದಲ್ಲೇ ಟ್ರಾಫಿಕ್‌ನಲ್ಲಿ ಮಕ್ಕಳ ನಡವಳಿಕೆಯನ್ನು ಅಧ್ಯಯನ ಮಾಡಿ, ಚಿಕ್ಕ ಮಕ್ಕಳನ್ನು ಎಷ್ಟೇ ತರಬೇತಿ ಕೊಟ್ಟರೂ ರಸ್ತೆಗೆ ಪೂರ್ತಿ ಹೊಂದಿಸಲಾಗದು, ರಸ್ತೆಯೇ ಅವರಿಗೆ ಹೊಂದಿಕೊಳ್ಳಬೇಕು ಎಂಬ ಕಡೆಗೆ ಎಲ್ಲರ ಗಮನ ಸೆಳೆದರು. ಬರುತ್ತಿರುವ ವಾಹನದ ವೇಗ ಅಳೆಯುವುದು, ಹಾರ್ನ್ ಯಾವ ದಿಕ್ಕಿನದೆಂದು ಗುರುತಿಸುವುದು, ಎರಡೂ ಕಡೆಯ ಗಾಡಿಗಳನ್ನು ಒಟ್ಟಿಗೆ ಗಮನದಲ್ಲಿಡುವುದು, ಇವೆಲ್ಲ ಒಂಬತ್ತು ಹತ್ತು ವರ್ಷದ ಹೊತ್ತಿಗೆ ನಿಧಾನವಾಗಿ ಬರುವ ಸಾಮರ್ಥ್ಯಗಳು. ಆರು ವರ್ಷದ ಮಗು ‘ಎಡ ನೋಡು, ಬಲ ನೋಡು’ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಬಹುದು. ಚೆಂಡು ಉರುಳಿದಾಗ, ಗೆಳೆಯ ಕೂಗಿದಾಗ ಆ ಪಾಠ ನೆನಪಿಗೆ ಬರುವುದಿಲ್ಲ. ಆದ್ದರಿಂದ ಹತ್ತು ವರ್ಷದವರೆಗಾದರೂ ರಸ್ತೆ ದಾಟುವ ಜವಾಬ್ದಾರಿ ದೊಡ್ಡವರದ್ದು.

ಅಮೆರಿಕದಲ್ಲಿರುವ ನಮ್ಮ ನೆಂಟರಿಷ್ಟರು ಒಂದು ವಿಷಯ ಹೇಳುವುದನ್ನು ಕೇಳಿರುತ್ತೀರಿ. ಅಲ್ಲಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ಪಕ್ಕದ ‘ಸ್ಟಾಪ್’ ಫಲಕ ಚಾಚಿತೆಂದರೆ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎರಡೂ ದಿಕ್ಕಿನ ವಾಹನಗಳು ಕಾನೂನಿನಂತೆ ನಿಲ್ಲಬೇಕು. ನಮ್ಮಲ್ಲಿ ಆ ರೂಢಿ ಬೆಳೆದಿಲ್ಲ. ಬಸ್ಸು ನಿಂತರೆ ಹಿಂದಿನ ಬೈಕಿನವರು ಬಲಗಡೆಯಿಂದ ನುಗ್ಗುತ್ತಾರೆ, ಕೆಲವರು ಬಾಗಿಲಿನ ಎಡಗಡೆಯಿಂದಲೂ ತೂರುತ್ತಾರೆ. ಆದ್ದರಿಂದ ಬಸ್ಸು ನಿಂತಿದೆ ಎಂದ ಮಾತ್ರಕ್ಕೆ ರಸ್ತೆಯೂ ನಿಂತಿದೆ ಎಂದು ಮಗು ತಿಳಿಯಬಾರದು. ಮೆಟ್ಟಿಲಿನ ಕೊನೆಯಲ್ಲಿ ಒಂದು ಕ್ಷಣ ನಿಂತು, ಎಡಕ್ಕೆ ನೋಡಿ, ಆಮೇಲೆ ಇಳಿಯುವುದನ್ನು ಕಲಿಸಬೇಕು.

ವೇಗದ ಲೆಕ್ಕವನ್ನೂ ಒಮ್ಮೆ ತಿಳಿದುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಎಂಟು ಮೀಟರಿಗೂ ಸ್ವಲ್ಪ ಹೆಚ್ಚು ಸಾಗುತ್ತದೆ, 50 ಕಿ.ಮೀ. ವೇಗದ್ದು ಸುಮಾರು 14 ಮೀಟರ್. ಚಾಲಕನ ಕಣ್ಣಿಗೆ ಮಗು ಬಿದ್ದು, ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡ್ ಬೇಕು. ಒಣ ರಸ್ತೆಯಲ್ಲಿ 30ರ ವಾಹನ 13-14 ಮೀಟರಿನೊಳಗೆ ಪೂರ್ತಿ ನಿಂತುಬಿಡುತ್ತದೆ. 50ರ ವಾಹನಕ್ಕೆ ಅಷ್ಟು ದೂರದಲ್ಲಿ ಬ್ರೇಕೇ ತಾಗಿರುವುದಿಲ್ಲ. ಅದು ನಿಲ್ಲಲು ಸುಮಾರು 28 ಮೀಟರ್ ಬೇಕು. ಮಗು 14 ಮೀಟರ್ ದೂರದಲ್ಲಿದ್ದರೆ ಒಂದು ವಾಹನ ಅದರ ಮುಂದೆ ನಿಲ್ಲುತ್ತದೆ, ಇನ್ನೊಂದು ಪೂರ್ತಿ ವೇಗದಲ್ಲಿ ಬಂದು ಬಡಿಯುತ್ತದೆ. ಶಾಲೆಯ ಸುತ್ತ 30ರ ಮಿತಿ ಬೇಕೆಂದು ತಜ್ಞರು ಪಟ್ಟು ಹಿಡಿಯುವುದು ಈ ಕಾರಣಕ್ಕೆ. ಕಾಲೊನಿಯ ಒಳಗೆ ನಾವು ನಮ್ಮ ಬೈಕು, ಕಾರು ಓಡಿಸುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ನಮ್ಮ ಎದುರು ಬರುವುದು ಇನ್ನೊಬ್ಬರ ಮಗು.

ಬಸ್ಸನ್ನು ಪರೀಕ್ಷಿಸುವ ಹಕ್ಕು ನಿಮ್ಮದು

1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಉರುಳಿ 28 ಮಕ್ಕಳು ತೀರಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳ ಬಗ್ಗೆ ಕಟ್ಟುನಿಟ್ಟಿನ ನಿರ್ದೇಶನ ಕೊಟ್ಟಿತು. ಇಂದು ದೇಶದುದ್ದಕ್ಕೂ ಶಾಲೆಗಳು ಪಾಲಿಸಬೇಕಾದ ನಿಯಮಗಳಿಗೆ ಬುನಾದಿ ಅದೇ. ಭಾರೀ ವಾಹನ ಓಡಿಸಿ ಕನಿಷ್ಠ ಐದು ವರ್ಷದ ಅನುಭವವಿರುವ ಚಾಲಕ, ಅತಿವೇಗಕ್ಕಾಗಲಿ ಕುಡಿದು ಓಡಿಸಿದ್ದಕ್ಕಾಗಲಿ ಒಮ್ಮೆಯೂ ದಂಡ ಬಿದ್ದಿರದ ಚಾಲಕ, ಮಕ್ಕಳನ್ನು ನೋಡಿಕೊಳ್ಳಲು ಸಹಾಯಕರು, 40 ಕಿ.ಮೀ. ಮೀರದಂತೆ ವೇಗ ನಿಯಂತ್ರಕ, ಕಿಟಕಿಗೆ ಅಡ್ಡ ಸರಳು, ಬಾಗಿಲಿಗೆ ಭದ್ರವಾದ ಚಿಲಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್, ಬಸ್ಸಿನ ಮೇಲೆ ಶಾಲೆಯ ಹೆಸರು ಮತ್ತು ಫೋನ್ ನಂಬರು, ಇವೆಲ್ಲ ಆ ಪಟ್ಟಿಯಲ್ಲಿವೆ.

ತೆಲಂಗಾಣದಲ್ಲಿ ಇನ್ನೂ ಒಂದು ಅನುಕೂಲವಿದೆ. ಶಾಲಾ ಬಸ್ಸುಗಳ ಫಿಟ್‌ನೆಸ್ ಅವಧಿ ಪ್ರತಿ ವರ್ಷ ಮೇ 15ಕ್ಕೆ ಮುಗಿಯುತ್ತದೆ. ಶಾಲೆ ತೆರೆಯುವ ಮುಂಚೆ ಬಸ್ಸನ್ನು ಆರ್‌ಟಿಎ ಕಚೇರಿಗೆ ಒಯ್ದು ಪರೀಕ್ಷೆ ಮಾಡಿಸಿ ಹೊಸ ಪ್ರಮಾಣಪತ್ರ ಪಡೆಯಬೇಕು. ಆದ್ದರಿಂದ ಜೂನ್ ತಿಂಗಳಲ್ಲಿ ಶಾಲೆಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ನಮ್ಮ ರೂಟಿನ ಬಸ್ಸಿಗೆ ಈ ವರ್ಷದ ಫಿಟ್‌ನೆಸ್ ಆಯಿತೇ? ಪ್ರತಿ ತೋರಿಸುತ್ತೀರಾ?’ ಶುಲ್ಕ ಕಟ್ಟುವಾಗ ರಸೀದಿ ಕೇಳುವಷ್ಟೇ ಸಹಜವಾಗಿ ಇದನ್ನು ಕೇಳಿ. ಒಳ್ಳೆಯ ಶಾಲೆ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಗದ ಸರಿಯಿದ್ದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. ಬಸ್ಸು ಬಂದು ನಿಂತಾಗ ಅರ್ಧ ನಿಮಿಷದಲ್ಲಿ ನೋಡಬಹುದಾದವು ಇವು. ಟೈರಿನ ಹಲ್ಲು ಸವೆದು ನುಣ್ಣಗಾಗಿದೆಯೇ? ಬಾಗಿಲು ಹಾಕಿಕೊಂಡೇ ಬಸ್ಸು ಹೊರಡುತ್ತದೆಯೇ? ಕನ್ನಡಿಗಳು ಒಡೆದಿವೆಯೇ? ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇದೆಯೇ? ಮಕ್ಕಳು ನಿಂತಿದ್ದಾರೆಯೇ, ಒಂದು ಸೀಟಿನಲ್ಲಿ ನಾಲ್ವರು ತುರುಕಿಕೊಂಡಿದ್ದಾರೆಯೇ? ಆಯಮ್ಮ ದಿನವೂ ಇರುತ್ತಾರೆಯೇ? ಎಂದಿನ ಚಾಲಕ ರಜೆ ಹಾಕಿದ ದಿನ ಬದಲಿಗೆ ಬರುವವರು ಯಾರು ಎಂಬುದನ್ನೂ ಶಾಲೆಯಿಂದ ಮೊದಲೇ ತಿಳಿದುಕೊಂಡಿರಬೇಕು. ರೂಟು ಗೊತ್ತಿಲ್ಲದ, ಮಕ್ಕಳ ಮುಖ ಗೊತ್ತಿಲ್ಲದ ಬದಲಿ ಚಾಲಕನ ದಿನ ಹೆಚ್ಚಿನ ಎಚ್ಚರ ಬೇಕು.

ಸಂಜೆ ಬಸ್ಸು ಶೆಡ್ಡಿಗೆ ಹೋಗುವ ಮುಂಚೆ ಯಾರಾದರೂ ಕೊನೆಯ ಸೀಟಿನವರೆಗೆ ನಡೆದು ನೋಡುತ್ತಾರೆಯೇ ಎಂದೂ ಕೇಳಿ. 2022ರ ಸೆಪ್ಟೆಂಬರಿನಲ್ಲಿ ಕತಾರಿನಲ್ಲಿ, ಕೇರಳ ಮೂಲದ ಕುಟುಂಬವೊಂದರ ನಾಲ್ಕು ವರ್ಷದ ಮಗು ಶಾಲಾ ಬಸ್ಸಿನಲ್ಲೇ ನಿದ್ದೆ ಹೋಗಿತ್ತು. ಯಾರೂ ನೋಡದೆ ಬಾಗಿಲು ಹಾಕಿದ್ದರಿಂದ ಒಳಗಿನ ಸೆಕೆಗೆ ಆ ಮಗು ಪ್ರಾಣ ಬಿಟ್ಟಿತು. ಹೈದರಾಬಾದಿನ ಬಿಸಿಲೂ ಕಡಿಮೆಯದ್ದಲ್ಲ. ಮಗು ಶಾಲೆಗೆ ಬರದಿದ್ದರೆ ಮೊದಲ ಪೀರಿಯಡ್‌ನಲ್ಲೇ ಮನೆಗೆ ಸಂದೇಶ ಬರುವ ವ್ಯವಸ್ಥೆ ಇರಲಿ ಎಂದು ಒತ್ತಾಯಿಸಿ.

ಚಾಲಕನನ್ನು ಮನುಷ್ಯನಾಗಿ ಕಾಣುವುದೂ ಸುರಕ್ಷತೆಯ ಭಾಗವೇ. ‘ಅನ್ನಾ’ ಎಂದು ಕರೆದು ಹೆಸರು ಕೇಳಿ, ಊಟ ಆಯಿತೇ ಎಂದು ವಿಚಾರಿಸಿ. ನೀವು ಎರಡು ನಿಮಿಷ ತಡ ಮಾಡಿದರೆ ಆ ಎರಡು ನಿಮಿಷವನ್ನು ಅವರು ಮುಂದಿನ ರಸ್ತೆಯಲ್ಲಿ ವೇಗದಿಂದ ತುಂಬಿಕೊಳ್ಳಬೇಕಾಗುತ್ತದೆ. ಬಸ್ಸು ಬರುವ ಐದು ನಿಮಿಷ ಮುಂಚೆ ನಿಲ್ದಾಣದಲ್ಲಿರುವುದು ಎಲ್ಲ ಮಕ್ಕಳಿಗೂ ಮಾಡುವ ಉಪಕಾರ.

ಆಟೋ, ವ್ಯಾನು ಅನಿವಾರ್ಯವಾದಾಗ

ಎಲ್ಲರಿಗೂ ಶಾಲಾ ಬಸ್ಸಿನ ಶುಲ್ಕ ಕೊಡಲಾಗದು. ಆಟೋ, ಓಮ್ನಿ ವ್ಯಾನುಗಳೇ ಗತಿಯಾದ ಮನೆಗಳು ಸಾಕಷ್ಟಿವೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಸತ್ಯವನ್ನು ಹೇಳಲೇಬೇಕು. 2016ರ ಜೂನ್ 21ರಂದು ಕುಂದಾಪುರದ ಬಳಿಯ ತ್ರಾಸಿಯಲ್ಲಿ, ಹತ್ತಕ್ಕೂ ಹೆಚ್ಚು ಮಕ್ಕಳನ್ನು ತುಂಬಿಕೊಂಡಿದ್ದ ಓಮ್ನಿಗೆ ಖಾಸಗಿ ಬಸ್ಸು ಡಿಕ್ಕಿಯಾಗಿ ಎಂಟು ಮಕ್ಕಳು ಹೋದರು. ಕರಾವಳಿಯ ಜನ ಆ ದಿನವನ್ನು ಮರೆತಿಲ್ಲ. ಮಲ್ಕಾಜ್‌ಗಿರಿಗೆ ಕೂಗಳತೆಯಲ್ಲಿರುವ ಹಬ್ಸಿಗೂಡದಲ್ಲಿ 2024ರ ಆಗಸ್ಟ್‌ನಲ್ಲಿ, ಶಾಲೆಗೆ ಹೊರಟಿದ್ದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೂತಿದ್ದ ಆಟೋ ದೊಡ್ಡ ವಾಹನಗಳ ನಡುವೆ ಸಿಲುಕಿ ಜಜ್ಜಿಹೋಯಿತು, ಆಕೆ ಉಳಿಯಲಿಲ್ಲ. ಆಟೋದ ಗೋಡೆ ರೆಕ್ಸಿನ್ ಬಟ್ಟೆ. ಅದಕ್ಕೆ ಡಿಕ್ಕಿಯನ್ನು ತಡೆಯುವ ಶಕ್ತಿಯಿಲ್ಲ.

ಆದ್ದರಿಂದ ಆಟೋದಲ್ಲಿ ಕಳಿಸುವವರು ಕೆಲವು ಷರತ್ತುಗಳನ್ನು ಬಿಡಬಾರದು. ಆರಕ್ಕಿಂತ ಹೆಚ್ಚು ಮಕ್ಕಳಿದ್ದ ಆಟೋಗಳನ್ನು ಹೈದರಾಬಾದಿನ ಅಧಿಕಾರಿಗಳು ಹಿಡಿದು ಜಪ್ತಿ ಮಾಡಿದ್ದುಂಟು. ನೀವಂತೂ ಅದಕ್ಕಿಂತ ಕಡಿಮೆ ಸಂಖ್ಯೆಗೇ ಒಪ್ಪಂದ ಮಾಡಿಕೊಳ್ಳಿ. ಚಾಲಕನ ಸೀಟಿನ ಅಕ್ಕಪಕ್ಕ ಯಾವ ಮಗುವೂ ಕೂರಬಾರದು. ಬಲಗಡೆ ಅಡ್ಡ ಸರಳು ಅಥವಾ ಜಾಲರಿ ಇರಬೇಕು. ಬ್ಯಾಗುಗಳನ್ನು ಹೊರಗೆ ನೇತುಹಾಕಿದರೆ ಪಕ್ಕದ ವಾಹನಕ್ಕೆ ಸಿಕ್ಕಿ ಆಟೋ ಮಗುಚಬಹುದು, ಅವು ಒಳಗೇ ಇರಲಿ. ನಾಲ್ಕೈದು ಮನೆಯವರು ಸೇರಿ ತಲಾ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಚಾಲಕ ಕಡಿಮೆ ಮಕ್ಕಳನ್ನು ಕೂರಿಸಲು ಒಪ್ಪಬಹುದು. ಈ ಮಾತುಕತೆಯನ್ನು ಚಾಲಕನ ಜೊತೆ ಗೌರವದಿಂದ, ಎಲ್ಲರೂ ಒಟ್ಟಿಗೆ ಕೂತು ಮಾಡಬೇಕು. ಒಬ್ಬರೇ ಕೇಳಿದರೆ ನಡೆಯುವುದಿಲ್ಲ.

ನಮ್ಮದೇ ಗಾಡಿಯಲ್ಲಿ ಬಿಡುವಾಗ

ಬಸ್ಸಿನ ಮೇಲೆ ನಂಬಿಕೆಯಿಲ್ಲವೆಂದು ಸ್ಕೂಟರಿನಲ್ಲಿ ತಾವೇ ಬಿಡುವವರಿದ್ದಾರೆ. ಅವರು ಯೋಚಿಸಬೇಕಾದ ಅಂಕಿಯೊಂದಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಐವತ್ತು ಸಾವಿರದಷ್ಟು ಮಂದಿ ಹೆಲ್ಮೆಟ್ ಹಾಕಿರದ ದ್ವಿಚಕ್ರ ಸವಾರರು ಮತ್ತು ಹಿಂಬದಿ ಸವಾರರು. ಅಪ್ಪನ ತಲೆಗೆ ಹೆಲ್ಮೆಟ್, ಮಗುವಿನ ತಲೆ ಬರಿದು. ಈ ದೃಶ್ಯವನ್ನು ಶಾಲೆಯ ಗೇಟಿನ ಮುಂದೆ ದಿನವೂ ಕಾಣುತ್ತೇವೆ. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿಯೂ ಬೇಕು, ವೇಗ 40 ದಾಟಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹೆಲ್ಮೆಟ್ ಮಗುವಿನ ಅಳತೆಯದ್ದಾಗಿರಬೇಕು. ಗದ್ದದ ಪಟ್ಟಿ ಬಿಗಿದ ಮೇಲೆ ತಲೆ ಅಲುಗಿಸಿದರೆ ಹೆಲ್ಮೆಟ್ ತಿರುಗಬಾರದು. ಸ್ಕೂಟರಿನ ಮುಂದೆ ನಿಲ್ಲಿಸಿಕೊಳ್ಳುವ ಅಭ್ಯಾಸವನ್ನು ಬಿಟ್ಟುಬಿಡಿ; ಗಟ್ಟಿ ಬ್ರೇಕ್ ಹಾಕಿದರೆ ಮೊದಲು ಹ್ಯಾಂಡಲಿಗೆ ಬಡಿಯುವುದು ಮಗುವಿನ ಎದೆ ಮತ್ತು ಮುಖ.

ಕಾರಿನಲ್ಲಾದರೆ ಮಗು ಹಿಂದಿನ ಸೀಟಿನಲ್ಲಿ, ವಯಸ್ಸಿಗೆ ತಕ್ಕ ಚೈಲ್ಡ್ ಸೀಟಿನಲ್ಲಿ ಅಥವಾ ಬೆಲ್ಟ್ ಹಾಕಿಕೊಂಡು ಕೂರಬೇಕು. ಹದಿನಾಲ್ಕರ ಒಳಗಿನ ಮಗುವಿಗೆ ಬೆಲ್ಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವಿದೆ. ತೊಡೆಯ ಮೇಲೆ ಕೂರಿಸಿಕೊಂಡರೆ ಕ್ಷೇಮ ಎಂಬ ನಂಬಿಕೆ ತಪ್ಪು. 40 ಕಿ.ಮೀ. ವೇಗದ ಡಿಕ್ಕಿಯಲ್ಲಿ ಹತ್ತು ಕಿಲೋ ತೂಕದ ಮಗು ಆ ಕ್ಷಣಕ್ಕೆ ನೂರು ಕಿಲೋ ಮೀರಿದ ಭಾರವಾಗಿ ಮುನ್ನುಗ್ಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ಒಂಬತ್ತನೇ, ಹತ್ತನೇ ತರಗತಿಯ ಹುಡುಗರ ಕೈಗೆ ಗಾಡಿ ಕೊಡುವ ಪೋಷಕರಿಗೆ ಕಾನೂನು ಕಠಿಣವಾಗಿದೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ.

ರೈಲು ಹಳಿ ಮತ್ತು ಮಳೆಗಾಲ

ಮಲ್ಕಾಜ್‌ಗಿರಿ ಜಂಕ್ಷನ್ ಊರು. ಸಿಕಂದರಾಬಾದಿನಿಂದ ಬಂದ ಹಳಿ ಇಲ್ಲಿ ಕವಲೊಡೆದು ಒಂದು ಮೌಲಾಲಿಯ ಕಡೆಗೆ, ಇನ್ನೊಂದು ಅಮ್ಮುಗೂಡ, ಅಲ್ವಾಲ್, ಬೊಲಾರಂ, ಮೇಡ್ಚಲ್ ದಾಟಿ ನಿಜಾಮಾಬಾದಿನ ಕಡೆಗೆ ಹೋಗುತ್ತದೆ. ಇದೇ ಹಳಿಯ ಮೇಲೆ, ಮೇಡ್ಚಲ್‌ನಿಂದ ಆಚೆ ಮೆದಕ್ ಜಿಲ್ಲೆಯ ಮಾಸಾಯಿಪೇಟದಲ್ಲಿ, 2014ರ ಜುಲೈ 24ರ ಬೆಳಗ್ಗೆ ಕಾವಲಿಲ್ಲದ ಗೇಟು ದಾಟುತ್ತಿದ್ದ ಶಾಲಾ ಬಸ್ಸಿಗೆ ನಾಂದೇಡ್–ಸಿಕಂದರಾಬಾದ್ ಪ್ಯಾಸೆಂಜರ್ ರೈಲು ಬಡಿಯಿತು. ಹದಿನೈದರ ಆಸುಪಾಸು ಮಕ್ಕಳೂ ಬಸ್ಸಿನ ಚಾಲಕನೂ ಪ್ರಾಣ ಕಳೆದುಕೊಂಡರು. ಇಂಥ ದುರಂತಗಳ ನಂತರ ರೈಲ್ವೆ ಕೆಲಸ ಚುರುಕುಗೊಳಿಸಿ, 2019ರ ಜನವರಿಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳನ್ನೆಲ್ಲ ತೆಗೆದುಹಾಕಿತು. ಪಟ್ಟು ಹಿಡಿದರೆ ವ್ಯವಸ್ಥೆ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಗೇಟುಗಳು ಹೋದರೂ ಅಭ್ಯಾಸ ಹೋಗಿಲ್ಲ. ಸುತ್ತು ಬಳಸುವುದೇಕೆಂದು ಹಳಿಯ ಮೇಲೇ ಅಡ್ಡ ನಡೆದು ಶಾಲೆಗೆ, ಟ್ಯೂಷನ್ನಿಗೆ ಹೋಗುವ ಮಕ್ಕಳಿದ್ದಾರೆ. 2023ರಿಂದ ಮೇಡ್ಚಲ್ ಕಡೆಗೆ ಎಂಎಂಟಿಎಸ್ ಲೋಕಲ್ ರೈಲುಗಳೂ ಓಡುತ್ತಿವೆ. ವಿದ್ಯುತ್ ರೈಲು ಹತ್ತಿರ ಬರುವವರೆಗೆ ಸದ್ದು ಮಾಡುವುದು ಕಡಿಮೆ. ಕಿವಿಯನ್ನು ನಂಬಿ ಹಳಿ ದಾಟುವಂತಿಲ್ಲ. ಎಷ್ಟೇ ಸುತ್ತಾದರೂ ಕೆಳಸೇತುವೆ, ಪಾದಚಾರಿ ಸೇತುವೆಯಲ್ಲೇ ಹೋಗಬೇಕು ಎಂಬುದು ಮನೆಯ ಕಟ್ಟಳೆಯಾಗಲಿ. ದೊಡ್ಡವರೂ ಅದನ್ನು ಪಾಲಿಸಲಿ.

ಜೋರು ಮಳೆ ಬಂದರೆ ಆ ಕೆಳಸೇತುವೆಗಳಲ್ಲೇ ನೀರು ನಿಲ್ಲುತ್ತದೆ. 2020ರ ಸೆಪ್ಟೆಂಬರಿನಲ್ಲಿ ನೇರೇಡ್‌ಮೆಟ್‌ನಲ್ಲಿ ಸೈಕಲ್ ಹತ್ತಿ ಹೊರಟ ಹನ್ನೆರಡು ವರ್ಷದ ಹುಡುಗಿ ತೆರೆದ ನಾಲೆಗೆ ಬಿದ್ದು ಕೆರೆಯಲ್ಲಿ ಶವವಾಗಿ ಸಿಕ್ಕಳು. ನೀರು ತುಂಬಿದ ರಸ್ತೆಯಲ್ಲಿ ನಾಲೆ ಯಾವುದು, ರಸ್ತೆ ಯಾವುದು ಎಂದು ದೊಡ್ಡವರಿಗೂ ತಿಳಿಯುವುದಿಲ್ಲ. ಮಳೆ ಸುರಿದ ಸಂಜೆ ಮಗುವನ್ನು ಸೈಕಲ್ಲಿಗೆ ಬಿಡಬೇಡಿ. ಕೆಳಸೇತುವೆಯಲ್ಲಿ ನೀರು ನಿಂತಾಗ ಬಸ್ಸು ಅದರೊಳಗೆ ಇಳಿಯಬಾರದು, ತಡವಾದರೂ ಸುತ್ತಿ ಬರಲಿ ಎಂದು ಶಾಲೆಗೆ ಮೊದಲೇ ಹೇಳಿಡಿ. ಮಕ್ಕಳ ರೇನ್‌ಕೋಟು ಹಳದಿ, ಕಿತ್ತಳೆಯಂಥ ಢಾಳಾದ ಬಣ್ಣದ್ದಿರಲಿ. ಮಬ್ಬಿನಲ್ಲಿ ಬೂದು, ಕಡುನೀಲಿ ಬಣ್ಣಗಳು ಚಾಲಕನ ಕಣ್ಣಿಗೆ ಬೀಳುವುದಿಲ್ಲ.

ಅಪಘಾತ ನಡೆದೇಬಿಟ್ಟರೆ

ಮೊದಲು 108 ಅಥವಾ 112ಕ್ಕೆ ಕರೆ ಮಾಡಿ, ಗುರುತಾಗಿ ಹತ್ತಿರದ ಚೌರಸ್ತೆ, ಗುಡಿ, ಕೆಳಸೇತುವೆಯ ಹೆಸರು ಹೇಳಿ. ಬೆಂಕಿ, ಟ್ರಾಫಿಕ್ ಮುಂತಾದ ಅಪಾಯ ಇಲ್ಲದಿದ್ದರೆ ಬಿದ್ದ ಮಗುವನ್ನು ಕೈಕಾಲು ಹಿಡಿದು ಎತ್ತಬೇಡಿ. ಕುತ್ತಿಗೆ, ಬೆನ್ನೆಲುಬಿಗೆ ಪೆಟ್ಟಾಗಿದ್ದರೆ ಎತ್ತುವುದರಿಂದಲೇ ಶಾಶ್ವತ ಹಾನಿಯಾದೀತು. ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ. ಮಗುವಿಗೆ ಪ್ರಜ್ಞೆಯಿದ್ದರೆ ಹೆಸರು ಹಿಡಿದು ಮೆಲ್ಲಗೆ ಮಾತಾಡಿಸುತ್ತಿರಿ. ನೆರವಿಗೆ ಬಂದವರನ್ನು ಪೊಲೀಸರು, ಆಸ್ಪತ್ರೆಯವರು ಸತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರನ್ನು ರಕ್ಷಿಸುತ್ತದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಜಾರಿಗೆ ಬಂದಿದೆ. ಆಸ್ಪತ್ರೆಯಲ್ಲಿ ಅದರ ಬಗ್ಗೆ ಕೇಳಿ.

ತಲೆಗೆ ಸಣ್ಣ ಪೆಟ್ಟಾಗಿ ಮಗು ಎದ್ದು ಓಡಾಡಿದರೂ ಎರಡು ದಿನ ಕಣ್ಣಿಟ್ಟಿರಿ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ತೊದಲು, ಫಿಟ್ಸ್, ಕಣ್ಣಿನ ಎರಡು ಪಾಪೆಗಳು ಬೇರೆ ಬೇರೆ ಗಾತ್ರ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಪಘಾತವನ್ನು ಬರೀ ಕಂಡ ಮಗುವಿಗೂ ನೋವಿರುತ್ತದೆ. ರಾತ್ರಿ ಬೆಚ್ಚಿ ಏಳಬಹುದು, ಬಸ್ಸು ಹತ್ತಲು ಹಟ ಮಾಡಬಹುದು. ‘ಅದನ್ನೆಲ್ಲ ಮರೆತುಬಿಡು’ ಎನ್ನಬೇಡಿ. ಅದು ಹೇಳುವುದನ್ನು ಪೂರ್ತಿ ಕೇಳಿ. ಟಿವಿಯಲ್ಲಿ ಮತ್ತೆ ಮತ್ತೆ ಬರುವ ದೃಶ್ಯಗಳಿಂದ ದೂರವಿಡಿ. ಮೊದಲ ಕೆಲವು ದಿನ ಜೊತೆಗೆ ಹೋಗಿ ಬಸ್ಸು ಹತ್ತಿಸಿ. ಒಂದು ತಿಂಗಳಾದರೂ ಭಯ ಇಳಿಯದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿರಿ.

ಈ ವಾರದ ಕೆಲಸ

ಇಷ್ಟೆಲ್ಲವನ್ನೂ ಒಂದೇ ದಿನ ಮಾಡಲಾಗದು. ಆದರೆ ಈ ವಾರ ಮೂರು ಕೆಲಸ ಮಾಡಬಹುದು. ಒಂದು, ಮಗುವಿನ ಜೊತೆ ಮನೆಯಿಂದ ಬಸ್ ನಿಲ್ಲುವ ಜಾಗದವರೆಗೆ ನಡೆದು, ಯಾವ ಬದಿಗೆ ನಿಲ್ಲಬೇಕು, ಎಲ್ಲಿ ಕಾಯಬೇಕು ಎಂಬುದನ್ನು ನಿಗದಿ ಮಾಡಿ. ಮಗುವಿನ ಎತ್ತರಕ್ಕೆ ಬಗ್ಗಿ ಆ ರಸ್ತೆಯನ್ನು ಒಮ್ಮೆ ನೋಡಿ. ನಿಂತ ಕಾರುಗಳ ಮರೆಯಲ್ಲಿ ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಆಗಲೇ ತಿಳಿಯುತ್ತದೆ. ಎರಡು, ನಿಮ್ಮ ರೂಟಿನ ಇತರ ಪೋಷಕರನ್ನು ಸೇರಿಸಿ, ಫಿಟ್‌ನೆಸ್ ಪತ್ರ, ಆಯಮ್ಮನ ಹಾಜರಿ, ಬದಲಿ ಚಾಲಕ, ರಿವರ್ಸ್ ತೆಗೆಯುವಾಗ ಕೆಳಗಿಳಿದು ಕಾಯುವವರು, ಈ ನಾಲ್ಕು ವಿಷಯಗಳ ಬಗ್ಗೆ ಶಾಲೆಗೆ ಸಹಿ ಹಾಕಿದ ಒಂದು ಪತ್ರ ಕೊಡಿ. ಬಾಯಿಮಾತು ಮರೆತುಹೋಗುತ್ತದೆ, ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಮೂರು, ಸಾಧ್ಯವಿದ್ದಲ್ಲಿ ಬಸ್ಸು ಗಲ್ಲಿಯೊಳಗೆ ಬಂದು ಹಿಂದಕ್ಕೆ ತೆಗೆಯುವ ಬದಲು, ಅಗಲವಾದ ಒಂದು ಜಾಗದಲ್ಲಿ ಎಲ್ಲ ಮಕ್ಕಳೂ ಸೇರಿ ಹತ್ತುವಂತೆ ಪಿಕಪ್ ಪಾಯಿಂಟ್ ಬದಲಿಸಲು ಕೇಳಿ. ದಿನಕ್ಕೊಬ್ಬ ಪೋಷಕರು ಸರದಿಯ ಮೇಲೆ ಅಲ್ಲಿ ನಿಂತು ಎಲ್ಲ ಮಕ್ಕಳನ್ನೂ ಹತ್ತಿಸಿ ಇಳಿಸಿಕೊಳ್ಳಬಹುದು. ನಿಮ್ಮ ಸರದಿಯ ದಿನ ಅಲ್ಲಿರುವ ಎಲ್ಲ ಮಕ್ಕಳೂ ನಿಮ್ಮವರೇ; ನಿಮಗೆ ಬಿಡುವಿಲ್ಲದ ದಿನ ನಿಮ್ಮ ಮಗುವಿನ ಕೈಯನ್ನು ನೆರೆಯವರು ಹಿಡಿದಿರುತ್ತಾರೆ. ಹತ್ತು ಮನೆಗಳು ಹೀಗೆ ಒಂದಾದರೆ ಬಸ್ಸಿನ ಸುತ್ತಲಿನ ಹತ್ತು ಅಡಿಯಲ್ಲಿ ದಿನವೂ ಒಬ್ಬ ಹಿರಿಯರು ಇದ್ದೇ ಇರುತ್ತಾರೆ.